ಧಾರವಾಡದ ಸುಮಿತ್ರಾ

ಹೆಂಡತಿಯ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಗಂಡಸು, ಎಂಥ ಹುದ್ದೆಯವನೇ ಆಗಿರಲಿ, ನೋಡುವವರಿಗೆ ದೇವಸ್ಥಾನದ ಹೊರಗೆ ಚಪ್ಪಲಿ ಕಾಯುವವನ ಹಾಗೆಯೇ ಕಾಣುತ್ತಾನೆ. ಮೂರನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಜಯರಾಮನಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದರೂ ಬ್ಯಾಗನ್ನು ಪಕ್ಕದ ಕುರ್ಚಿಗೆ ದಾಟಿಸಲು ಅವನಿಗೆ ಕೈ ಬರಲಿಲ್ಲ. ಅದರೊಳಗೆ ನಿನ್ನೆ ಮಂಗಳಗಿರಿಯಲ್ಲಿ ಕೊಂಡ ಸೀರೆಯಿತ್ತು. ಗಿಳಿಹಸಿರು ಮೈ, ಸಣ್ಣ ಜರಿಯ ಅಂಚು. ಪ್ರಫುಲ್ಲಾ ಅದನ್ನು ತನಗೆಂದು ಕೊಂಡಿರಲಿಲ್ಲ. ಹತ್ತು ಸೀರೆ ಬಿಡಿಸಿ, ಬೆಳಕಿಗೆ ಹಿಡಿದು, ಮಡಿಸಿ, ಕೊನೆಗೆ ಇದನ್ನೇ ಎದೆಗೆ ಅಪ್ಪಿಕೊಂಡು, "ಧಾರವಾಡದ ಬಿಸಿಲಿಗೆ ತಣ್ಣಗಿರುತ್ತೆ. ಈ ಸಲ ಸುಮಿತ್ರಾ ಅಡ್ರೆಸ್ ಕೊಡದೆ ಹೇಗೆ ತಪ್ಪಿಸ್ಕೊಳ್ತಾರೋ ನೋಡ್ತೀನಿ," ಎಂದಿದ್ದಳು. ಧಾರವಾಡದಲ್ಲಿ ಆ ಹೆಸರಿನ ಹೆಂಗಸರು ನೂರು ಮಂದಿ ಇರಬಹುದು. ಆದರೆ ಎರಡು ವರ್ಷದಿಂದ ಪ್ರಫುಲ್ಲಾಳ ಬ್ಲಾಗಿಗೆ ತಪ್ಪದೆ ಪ್ರತಿಕ್ರಿಯೆ ಬರೆಯುತ್ತಿದ್ದ, ಅವಳೊಡನೆ ಈಮೇಲಿನಲ್ಲಿ ಕಷ್ಟಸುಖ ಹಂಚಿಕೊಳ್ಳುತ್ತಿದ್ದ ಸುಮಿತ್ರಾ ಧಾರವಾಡವನ್ನು ರೈಲಿನ ಕಿಟಕಿಯಿಂದಷ್ಟೇ ನೋಡಿದವಳು. ಈಗ ಪ್ರಫುಲ್ಲಾಳ ಬ್ಯಾಗು ಹಿಡಿದು ಕೂತಿದ್ದ ಜಯರಾಮನೇ ಆ ಸುಮಿತ್ರಾ.

ವಿಜಯವಾಡದ ಒನ್ ಟೌನಿನಲ್ಲಿ, ಸಗಟು ಬಟ್ಟೆ ಅಂಗಡಿಗಳ ಸಾಲಿನ ಮೇಲೆ, ಎರಡನೆಯ ಮಹಡಿಯ ಮದುವೆ ಹಾಲ್ ಅದು. ಹಿಂದಿನ ದಿನ ಯಾರದೋ ಮದುವೆ ಆಗಿತ್ತು. ಥರ್ಮೋಕೋಲಿನಲ್ಲಿ ಕತ್ತರಿಸಿದ್ದ ವರನ ಹೆಸರನ್ನು ಕಿತ್ತಿದ್ದರು, ವಧುವಿನದು ಇನ್ನೂ ಉಳಿದಿತ್ತು. ಅದರ ಮೇಲೆಯೇ ಬ್ಯಾನರು: ಬ್ಲಾಗ್ ಬರೆಯುವವರಿಗೂ ವ್ಯಾಪಾರಸ್ಥರಿಗೂ ಸೋಷಿಯಲ್ ಮೀಡಿಯಾ, ಒಂದು ದಿನದ ತರಬೇತಿ, ಫೆಬ್ರವರಿ ೨೦೦೯. ಸೀರೆ ಮಾರುವವರು, ಸ್ಟೀಲ್ ಪಾತ್ರೆಯವರು, ಒಬ್ಬ ಉಪ್ಪಿನಕಾಯಿಯವನು, ನಾಲ್ಕೈದು ಮಂದಿ ತೆಲುಗು ಬ್ಲಾಗಿನವರು. ಕನ್ನಡದಲ್ಲಿ ಬರೆಯುವವಳು ಪ್ರಫುಲ್ಲಾ ಒಬ್ಬಳೇ. ಅವಳನ್ನು ಕರೆಸಿದ್ದವರು ಮಂಗಳಗಿರಿಯ ಸೀರೆ ಅಂಗಡಿಯ ಸೂರ್ಯಕಾಂತಮ್ಮ. ಬಳ್ಳಾರಿಯಲ್ಲಿ ಹುಟ್ಟಿ ಇಲ್ಲಿಗೆ ಸೊಸೆಯಾಗಿ ಬಂದವರು. ಪ್ರಫುಲ್ಲಾ ತನ್ನ 'ಉಪ್ಪುಗಾಳಿ' ಬ್ಲಾಗಿನಲ್ಲಿ ಮಗ್ಗದ ಸೀರೆಯ ಬಗ್ಗೆ ಬರೆದದ್ದನ್ನು ಓದಿ ಅವರು ಫೋನು ಮಾಡಿದ್ದರು. ಪಾಠ ಹೇಳುತ್ತಿದ್ದವಳು ಗಾನವಿ, ಮೈಸೂರಿನ ಹುಡುಗಿ, ಆರು ತಿಂಗಳ ಕೆಲಸಕ್ಕೆಂದು ವಿಶಾಖಪಟ್ಟಣಕ್ಕೆ ಬಂದು ಎರಡು ವರ್ಷವಾಗಿತ್ತು. ಅವಳು ತೆಲುಗಿನಲ್ಲಿ ಹೇಳಿ, ಇಂಗ್ಲಿಷಿನಲ್ಲಿ ಬೋರ್ಡಿಗೆ ಬರೆದು, ನಡುನಡುವೆ ಪ್ರಫುಲ್ಲಾಳ ಕಡೆ ತಿರುಗಿ "ಗೊತ್ತಾಯ್ತಾ ಆಂಟಿ?" ಎನ್ನುತ್ತಿದ್ದಳು. ಬ್ಲಾಗಿನ ಕಾಲ ಮುಗಿಯುತ್ತಾ ಬಂತು, ಎಂದಳು. ಆರ್ಕುಟ್‌ನಲ್ಲಿ ಜನ ಇನ್ನೆಷ್ಟು ದಿನ ಇರುತ್ತಾರೋ ಗೊತ್ತಿಲ್ಲ, ಎಲ್ಲರೂ ಫೇಸ್‌ಬುಕ್ಕಿಗೆ ಹೊರಟಿದ್ದಾರೆ, ಇನ್ನು ಟ್ವಿಟರಿನಲ್ಲಿ ನೂರ ನಲವತ್ತು ಅಕ್ಷರದಲ್ಲಿ ಹೇಳಲಾಗದ್ದನ್ನು ಯಾರೂ ಓದುವುದಿಲ್ಲ. ಪ್ರಫುಲ್ಲಾ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಯಾರು ಏನು ಹೇಳಿದರೂ ಬರೆದುಕೊಳ್ಳುವುದು ಅವಳ ಅಭ್ಯಾಸ.

ಮುಗಿಯುತ್ತಾ ಬಂತು ಎಂಬ ಮಾತು ಜಯರಾಮನನ್ನು ಕುಟುಕಿತು. ಅವನಿಗೆ ಅದು ಶುರುವಾದದ್ದೇ ಮೊನ್ನೆ ಮೊನ್ನೆ. ೨೦೦೭ರ ಜನವರಿ. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಸೆಕ್ಟರ್ ಎಂಟರ ಕ್ವಾರ್ಟರ್ಸಿನ ನಡುಮನೆಗೆ ಕಂಪ್ಯೂಟರು ಬಂದ ದಿನ ಪ್ರಫುಲ್ಲಾ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಮೌಸಿಗೂ ಒಂದು ಬೊಟ್ಟು ಇಟ್ಟಿದ್ದಳು. 'ಬರಹ' ಎಂಬ ತಂತ್ರಾಂಶ ಹಾಕಿ, ಕನ್ನಡ ಅಕ್ಷರ ಪರದೆಯ ಮೇಲೆ ಮೂಡಿದಾಗ ಅವಳು ನಕ್ಕ ನಗೆ ಅವನಿಗೆ ಇನ್ನೂ ಕಿವಿಯಲ್ಲಿದೆ. ಐದು ತಿಂಗಳಲ್ಲಿ ಅವಳು ನಕ್ಕದ್ದು ಅದೇ ಮೊದಲು. ಅವನು ಶಿಫ್ಟು ಮುಗಿಸಿ ಬಂದರೆ ಅವಳು ಒಂದೊಂದೇ ಅಕ್ಷರ ಕುಟ್ಟುತ್ತಾ, ಒಲೆಯ ಮೇಲಿನ ಸಾರು ಉಕ್ಕಿದರೂ ಏಳದೆ, "ಸ್ವಲ್ಪ ನೋಡ್ರೀ, ಒತ್ತಕ್ಷರ ಬರ್ತಿಲ್ಲ," ಎಂದು ಕರೆಯುತ್ತಿದ್ದಳು. ಸಮುದ್ರದ ಗಾಳಿಗೆ ಹಪ್ಪಳ ಒಣಗದ ಕಥೆ, ಪಕ್ಕದ ಮನೆಯ ಜಯಮ್ಮ ಕಲಿಸಿದ ಗೋಂಗೂರ ಪಚ್ಚಡಿ, ಅರಸೀಕೆರೆಯ ತನ್ನ ಶಾಲೆ. ಪ್ರಕಟಿಸಿ ಎದ್ದು ಹೋಗಿ, ಕೈ ತೊಳೆದು ಬಂದು, ಯಾರಾದರೂ ಓದಿದರೇ ಎಂದು ನೋಡುತ್ತಿದ್ದಳು. ಸೊನ್ನೆ ಪ್ರತಿಕ್ರಿಯೆ. ಮರುದಿನವೂ ಸೊನ್ನೆ. ಹನ್ನೊಂದು ದಿನ ಆ ಸೊನ್ನೆ ಹಾಗೇ ಇತ್ತು. ಹನ್ನೊಂದನೆಯ ದಿನ ಅವಳು ಕಂಪ್ಯೂಟರಿಗೆ ಹೊದಿಕೆ ಮುಚ್ಚಿ, "ಬಿಡಿ, ನನ್ನ ಹರಟೆ ಯಾರಿಗೆ ಬೇಕು," ಎಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆ ಬೆನ್ನು ಅವನಿಗೆ ಪರಿಚಯದ್ದು. ಆಸ್ಪತ್ರೆಯಿಂದ ಬಂದ ಮೇಲೆ ತಿಂಗಳುಗಟ್ಟಲೆ ಅವನು ನೋಡಿದ್ದು ಆ ಬೆನ್ನನ್ನೇ. ಮರುದಿನ ಮಧ್ಯಾಹ್ನ, ಕಂಟ್ರೋಲ್ ರೂಮಿನ ಮೂಲೆಯ ಕಂಪ್ಯೂಟರಿನಲ್ಲಿ, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅವನು ಹೊಸ ಹೆಸರಿನಲ್ಲಿ ಖಾತೆ ತೆರೆದು ಬರೆದ: "ಭಾಳ ಛಲೋ ಬರದೀರಿ. ಹಪ್ಪಳದ ಕಥಿ ಓದಿ ನಕ್ಕು ನಕ್ಕು ಸಾಕಾತು. — ಸುಮಿತ್ರಾ, ಧಾರವಾಡ."

ಭದ್ರಾವತಿಯವನಾದ ಅವನಿಗೆ ಆ ಧಾರವಾಡದ ಮಾತು ಬಂದದ್ದು ಕಾಲೇಜು ಹಾಸ್ಟೆಲಿನ ಜೊತೆಗಾರ ದಕ್ಷಿಣಾಮೂರ್ತಿಯಿಂದ. ನಿಜ ಹೇಳಬೇಕೆಂದರೆ ತಿಂಗಳಿಗೊಮ್ಮೆ ಬುತ್ತಿ ಕಟ್ಟಿಕೊಂಡು ಬರುತ್ತಿದ್ದ ದಕ್ಷಿಣಾಮೂರ್ತಿಯ ತಾಯಿಯಿಂದ. ಒಂದು ಸಾಲು ಬರೆದು ಮುಗಿಸೋಣ ಅಂದುಕೊಂಡಿದ್ದ. ಅವತ್ತು ರಾತ್ರಿ ಪ್ರಫುಲ್ಲಾ ಬಾಗಿಲಲ್ಲೇ ನಿಂತು ಕಾಯುತ್ತಿದ್ದಳು. "ಧಾರವಾಡದಿಂದ ಒಬ್ಬರು ಬರೆದಿದ್ದಾರೆ ಕಣ್ರೀ!" ಊಟಕ್ಕೆ ಅವನಿಗೆ ಎರಡು ಸಲ ಬಡಿಸಿದಳು. ಒಂದು ಸುಳ್ಳಿಗೆ ಇಷ್ಟು ಒಳ್ಳೆಯ ಊಟ ಸಿಗುತ್ತದೆ ಅಂತಾದರೆ ಯಾರು ತಾನೇ ಎರಡನೆಯದನ್ನು ಹೇಳುವುದಿಲ್ಲ? ಸುಮಿತ್ರಾಳಿಗೆ ಮೊದಲು ಮೊಣಕಾಲು ನೋವು ಬಂತು, ಆಮೇಲೆ ಒಬ್ಬಳು ಬಿಗಿ ಅತ್ತೆ, ಆಮೇಲೆ ಒಂಬತ್ತನೆಯ ಕ್ಲಾಸಿನ ಮಗಳು ಅಮೂಲ್ಯಾ. ಮಗಳನ್ನು ಏಕೆ ಕೊಟ್ಟೆ ಎಂದು ಅವನು ತನ್ನನ್ನೇ ಬಹಳ ಸಲ ಕೇಳಿಕೊಂಡಿದ್ದಾನೆ. ಬರೆಯುತ್ತಾ ಬರೆಯುತ್ತಾ ಬಂದುಬಿಟ್ಟಿದ್ದಳು. ಅವನು ಬಾಯಿಬಿಟ್ಟು ಒಂದು ದಿನವೂ ಆಡದ ಮಾತುಗಳನ್ನು ಸುಮಿತ್ರಾ ಸಲೀಸಾಗಿ ಆಡುತ್ತಿದ್ದಳು: ಊಟ ಮಾಡಿದಿರೇನ್ರಿ, ಬೆನ್ನು ನೋವು ಹ್ಯಾಂಗದ, ನಿಮ್ಮ ಬರಹ ಓದದಿದ್ರ ನನಗ ದಿನಾನೇ ಹೋಗೂದಿಲ್ಲ. ಬೆಂಕಿ, ಒತ್ತಡ, ತಾಪಮಾನದ ಅಂಕಿಗಳ ನಡುವೆ ಎಂಟು ಗಂಟೆ ಕಳೆಯುವ ಗಂಡಸಿಗೆ ದಿನಕ್ಕೆ ಹತ್ತು ನಿಮಿಷ ಹೆಂಗಸಾಗಿ, ಗೆಳತಿಯಾಗಿ, ತಾಯಾಗಿ ಇರುವುದು ಎಷ್ಟು ಹಿತವಾಗಿತ್ತೆಂದರೆ, ವೀಕ್ಲಿ ಆಫ್ ದಿನ ಅವನಿಗೆ ಸುಮಿತ್ರಾಳ ನೆನಪಾಗುತ್ತಿತ್ತು. ಒಮ್ಮೆ ಅವನು ವಾರ ಕಾಲ ಟ್ರೈನಿಂಗಿಗೆ ಹೋಗಿ ಬರೆಯಲಾಗದೆ, ಬಂದ ಮೇಲೆ ಅಮೂಲ್ಯಾಗೆ ಜ್ವರ, ಇನ್ನೂ ಬಿಟ್ಟಿಲ್ಲ ಎಂದು ನೆಪ ಹೇಳಿದ. ಆ ಭಾನುವಾರ ಪ್ರಫುಲ್ಲಾ ಅವನನ್ನು ಎಬ್ಬಿಸಿ ಸಿಂಹಾಚಲಕ್ಕೆ ಕರೆದೊಯ್ದಳು. ಯಾತಕ್ಕೆ ಎಂದರೆ, "ಸುಮಿತ್ರಾ ಮಗಳಿಗೆ ಹರಕೆ ಹೊತ್ತಿದ್ದೆ. ವಾಸಿಯಾಯ್ತಂತೆ." ಇಲ್ಲದ ಮಗುವಿನ ವಾಸಿಯಾದ ಜ್ವರಕ್ಕಾಗಿ ಎರಡು ಗಂಟೆ ಕ್ಯೂನಲ್ಲಿ ನಿಂತು ಜಯರಾಮ ಕೈ ಮುಗಿದ. ದೇವರ ಮುಖ ನೋಡಲಿಲ್ಲ.

"ಮೇಡಂ, ಒಕ ಡೌಟು," ಎಂದು ಪಾತ್ರೆ ಅಂಗಡಿಯವನು ಎದ್ದು ನಿಂತ. ಅಂಗಡಿ ಹೊಸದು, ಹೊಗಳುವವರು ಇನ್ನೂ ಯಾರೂ ಇಲ್ಲ. ತಾನೇ ಹತ್ತು ಹೆಸರು ಇಟ್ಟುಕೊಂಡು ತನ್ನ ಅಂಗಡಿಯನ್ನು ತಾನೇ ಹೊಗಳಿಕೊಂಡರೆ ಏನು ತಪ್ಪು? ಅದಕ್ಕೇನಾದರೂ ಟೂಲು ಇದೆಯೇ? ಹಾಲಿನಲ್ಲಿ ನಗು. ಗಾನವಿಯೂ ನಕ್ಕಳು. ಬಹಳ ಜನ ಹಾಗೆ ಮಾಡುತ್ತಾರೆ ಅಂಡಿ, ಆದರೆ ಸಿಕ್ಕಿಬೀಳುತ್ತಾರೆ, ಎಂದಳು. ಹೊಗಳಿದ್ದು ಸುಳ್ಳು ಅಂತ ಗೊತ್ತಾದ ಮೇಲೆ ಗಿರಾಕಿ ಪಾತ್ರೆಯನ್ನೂ ನಂಬುವುದಿಲ್ಲ. ಜಯರಾಮ ಬ್ಯಾಗಿನ ಜಿಪ್ಪನ್ನು ಎಳೆದ, ಮುಚ್ಚಿದ. ತಾನು ಹೊಗಳಿದ್ದರಲ್ಲಿ ಸುಳ್ಳಿರಲಿಲ್ಲ ಎಂದು ಅವನು ಯಾರೊಡನಾದರೂ ವಾದ ಮಾಡಬಲ್ಲ. ಪ್ರಫುಲ್ಲಾ ನಿಜವಾಗಿಯೂ ಚೆನ್ನಾಗಿ ಬರೆಯುತ್ತಿದ್ದಳು. ಆದರೆ ಸುಮಿತ್ರಾ ಹೊಗಳಿದ್ದು ಬರಹವನ್ನಷ್ಟೇ ಅಲ್ಲ. ಎದೆಯ ಆ ಜಾಗಕ್ಕೆ ಕೈ ಹಾಕಲು ಅವನಿಗೆ ಇವತ್ತಿಗೂ ಭಯ. ೨೦೦೭ರ ಆಗಸ್ಟಿನಲ್ಲಿ, ಹೊಟ್ಟೆಯ ಮಗು ಹೋಗಿ ವರ್ಷ ತುಂಬಿದ ದಿನ, ಪ್ರಫುಲ್ಲಾ ಸುಮಿತ್ರಾಳಿಗೆ ಉದ್ದದ ಪತ್ರ ಬರೆದಿದ್ದಳು. ಐದು ತಿಂಗಳಾಗಿತ್ತು, ಎಂದು ಬರೆದಿದ್ದಳು. ಮಧ್ಯಾಹ್ನ ನೋವು ಶುರುವಾಯಿತು. ಮೂರೂ ಇಪ್ಪತ್ತಕ್ಕೆ ಇವರ ಕಂಟ್ರೋಲ್ ರೂಮಿಗೆ ಫೋನು ಮಾಡಿದೆ. ನಂದನ್ ಅಂತ ಇವರ ಜೂನಿಯರ್ ಎತ್ತಿಕೊಂಡ, ಹೇಳ್ತೀನಕ್ಕ ಅಂದ. ಜಯಮ್ಮ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇವರು ಬಂದದ್ದು ರಾತ್ರಿ ಹತ್ತೂವರೆಗೆ, ಶಿಫ್ಟು ಮುಗಿಸಿ. ಯಾರೂ ನನಗೆ ಹೇಳಲೇ ಇಲ್ಲ ಅಂದರು. ಹೇಳಿ ಸುಮಿತ್ರಾ, ನಂಬಬೇಕೋ ಬೇಡವೋ? ನಂಬದೆ ಇದ್ದರೆ ಈ ಮನುಷ್ಯನ ಜೊತೆ ಹೇಗೆ ಇರಲಿ?

ಆ ಪತ್ರವನ್ನು ಅವನು ಕಂಟ್ರೋಲ್ ರೂಮಿನ ಅದೇ ಮೂಲೆಯಲ್ಲಿ ಕೂತು ಓದಿದ್ದ. ಫೋನು ಎರಡು ಮಾರು ದೂರದಲ್ಲಿತ್ತು. ನಂದನ್ ಹೇಳಿದ್ದ. ಅವತ್ತು ಫೋನು ಇಟ್ಟ ಮರುಕ್ಷಣವೇ ಓಡಿ ಬಂದು, "ಸಾರ್, ಅಕ್ಕಂಗೆ ಹುಷಾರಿಲ್ವಂತೆ, ತುಂಬಾ ನೋವಂತೆ. ನೀವು ಹೋಗಿ ಸಾರ್, ನಾನು ನೋಡ್ಕೋತೀನಿ," ಎಂದಿದ್ದ. ಅಂದು ರಿಪೇರಿ ಮುಗಿದು ಫರ್ನೇಸು ಮತ್ತೆ ಶುರುವಾಗುವ ದಿನ. ಮೇಲಿನ ಸಾಹೇಬರು ಐದು ಗಂಟೆಗೆ ಬರುವವರಿದ್ದರು. ಬಡ್ತಿಯ ಪಟ್ಟಿಯಲ್ಲಿ ಅವನ ಹೆಸರಿತ್ತು. ನಡುಶಿಫ್ಟಿನಲ್ಲಿ ಗೇಟು ದಾಟಬೇಕಾದರೆ ಗೇಟ್ ಪಾಸಿನಲ್ಲಿ ಕಾರಣ ಬರೆಯಬೇಕು, ಆ ಚೀಟಿ ಸಾಹೇಬರ ಮೇಜಿಗೆ ಹೋಗುತ್ತದೆ. ಹೆಂಗಸರ ನೋವು, ಬರುತ್ತದೆ ಹೋಗುತ್ತದೆ, ಜಯಮ್ಮ ಇದ್ದಾಳಲ್ಲ ಎಂದುಕೊಂಡ. ಹಾಗೆ ಅಂದುಕೊಂಡದ್ದು ಬೇರೆ ಯಾರೂ ಅಲ್ಲ. ವರ್ಷದ ನಂತರ ಅವಳು ನಂಬಲೋ ಬೇಡವೋ ಎಂದು ಕೇಳಿದಾಗ ಸುಮಿತ್ರಾ ಉತ್ತರ ಬರೆದಳು: "ಫ್ಯಾಕ್ಟರಿ ಒಳಗ ಗದ್ದಲ ಭಾಳ ಇರ್ತದ್ರಿ. ಆ ಹುಡುಗ ಹೇಳೂದ ಮರತಿರಬೇಕು. ನಿಮ್ಮ ಮನಿಯವ್ರ ಮ್ಯಾಲೆ ಸಿಟ್ಟು ಇಟ್ಕೋಬ್ಯಾಡ್ರಿ. ಅವರ ಜೀವಾ ಎಷ್ಟು ಚಡಪಡಿಸ್ತಿರ್ತದೋ ನಿಮಗೇನು ಗೊತ್ತು." ಅಂದು ರಾತ್ರಿ ಪ್ರಫುಲ್ಲಾ ಮೊದಲ ಸಲ ಗೋಡೆಗೆ ಬೆನ್ನು ಕೊಟ್ಟು ಅವನ ಕಡೆ ತಿರುಗಿ ಮಲಗಿದಳು. ಅವನು ಕಣ್ಣು ಮುಚ್ಚಿ ಸುಖಪಟ್ಟ. ನಾಚಿಕೆಯೂ ಆಯಿತು, ಆದರೆ ಸುಖಕ್ಕಿಂತ ಒಂದು ತೂಕ ಕಡಿಮೆ. ಆಮೇಲೆ ಅವಳು ನಂದನ್‌ನನ್ನು ಭಾನುವಾರದ ಅಕ್ಕಿರೊಟ್ಟಿಗೆ ಕರೆಯುವುದನ್ನು ಬಿಟ್ಟಳು. ಬೀದಿಯಲ್ಲಿ ಸಿಕ್ಕರೂ ಮಾತಾಡಿಸುತ್ತಿರಲಿಲ್ಲ. ನಂದನ್ ಯಾಕೆಂದು ಒಮ್ಮೆಯೂ ಕೇಳಲಿಲ್ಲ.

ಊಟದ ನಂತರ ಗಾನವಿ ಕೌಂಟರಿನ ಪಾಠ ತೆಗೆದಳು. ಅಂಗಡಿಯಲ್ಲಿ ಎಷ್ಟು ಜನ ಬಂದರು, ಎಲ್ಲಿಂದ ಬಂದರು ಅಂತ ನೀವು ಕಣ್ಣಾರೆ ನೋಡುತ್ತೀರಿ. ಬ್ಲಾಗಿನಲ್ಲಿ ಅದನ್ನು ನೋಡಲು ಈ ಟೂಲು. "ಪ್ರಫುಲ್ಲಾ ಆಂಟಿ ಎಲ್ಲರಿಗಿಂತ ಜಾಣೆ. ಹದಿನೈದು ದಿನದ ಹಿಂದೆ ನಾನು ಮೇಲ್ ಮಾಡಿದ ಕೋಡನ್ನ ತಾವೇ ಬ್ಲಾಗಿಗೆ ಹಾಕಿಟ್ಟಿದ್ದಾರೆ. ಅವರದ್ದನ್ನೇ ನೋಡೋಣ." ಈ ಕೋಡಿನ ವಿಷಯ ಪ್ರಫುಲ್ಲಾ ಜಯರಾಮನಿಗೆ ಹೇಳಿರಲಿಲ್ಲ. ಒತ್ತಕ್ಷರಕ್ಕೂ ಅವನನ್ನು ಕರೆಯುತ್ತಿದ್ದವಳು ಯಾವಾಗ ಕರೆಯುವುದನ್ನು ಬಿಟ್ಟಳು? ಗೋಡೆಯ ಮೇಲೆ 'ಉಪ್ಪುಗಾಳಿ' ದೊಡ್ಡದಾಗಿ ಮೂಡಿತು, ಪಕ್ಕದಲ್ಲಿ ಅಂಕಿಗಳು. ಹದಿನೈದು ದಿನದಲ್ಲಿ ನಲವತ್ತೊಂದು ಭೇಟಿ. ಇಪ್ಪತ್ತಮೂರು ಆಂಟಿಯವರದೇ ಮನೆಯಿಂದ, ಎಂದಳು ಗಾನವಿ. ಹಾಲಿನಲ್ಲಿ ಸಣ್ಣಗೆ ನಗು ಹಾಯಿತು. ಪ್ರಫುಲ್ಲಾಳ ಕಿವಿ ಕೆಂಪಾದದ್ದು ಹಿಂದಿನಿಂದಲೂ ಕಂಡಿತು. ಬೆಂಗಳೂರು ಮೂರು. ಮಸ್ಕತ್ ಒಂದು. ಉಳಿದ ಹದಿನಾಲ್ಕು ಉಕ್ಕಿನ ಕಾರ್ಖಾನೆಯ ನೆಟ್‌ವರ್ಕ್.

"ಧಾರವಾಡ?" ಎಂದಳು ಪ್ರಫುಲ್ಲಾ.

"ಧಾರವಾಡ ಇಲ್ಲ ಆಂಟಿ."

"ಇರಬೇಕಲ್ಲ. ಈ ಹದಿನೈದು ದಿನದಲ್ಲೇ ಎರಡು ಸಲ ಬರೆದಿದ್ದಾರೆ."

ಗಾನವಿಗೆ ಹುರುಪು ಬಂತು. ಊರಿನ ಹೆಸರು ಕೆಲವು ಸಲ ತಪ್ಪು ತೋರಿಸುತ್ತದೆ, ಬನ್ನಿ, ಹುಡುಕುವುದನ್ನೇ ಕಲಿಯೋಣ ಎಂದು ಸುಮಿತ್ರಾಳ ಕೊನೆಯ ಪ್ರತಿಕ್ರಿಯೆಯನ್ನು ತೆರೆದಳು. ಮಂಗಳವಾರ, ಮಧ್ಯಾಹ್ನ ಮೂರು ಹತ್ತು. ಕೌಂಟರಿನಲ್ಲಿ ಮಂಗಳವಾರ ಮೂರು ಹತ್ತಕ್ಕೆ ಬಂದವರು ಒಬ್ಬರೇ. ಕಾರ್ಖಾನೆಯ ನೆಟ್‌ವರ್ಕ್. ಇನ್ನೊಂದು ಪ್ರತಿಕ್ರಿಯೆ: ಗುರುವಾರ, ಮೂರು ನಲವತ್ತು. ಅಲ್ಲೂ ಅದೇ. ಹುಡುಗಿಯ ಕೈ ಮೌಸಿನ ಮೇಲೆ ನಿಂತಿತು. ಅವಳು ಒಮ್ಮೆ ಪ್ರಫುಲ್ಲಾಳನ್ನು, ಒಮ್ಮೆ ಮೂರನೆಯ ಸಾಲಿನ ಬ್ಯಾಗು ಹಿಡಿದವನನ್ನು ನೋಡಿ, ಬೇಗ ಬೇಗ, "ನೋಡಿ, ನಿಮ್ಮ ಫ್ಯಾಕ್ಟರಿಯಲ್ಲೇ ಆಂಟಿಗೆ ಒಬ್ಬ ಫ್ಯಾನ್ ಇದ್ದಾರೆ!" ಎಂದಳು. ಪಾತ್ರೆಯವನು ಚಪ್ಪಾಳೆ ತಟ್ಟಿದ. ಸೂರ್ಯಕಾಂತಮ್ಮ, "ಅದೃಷ್ಟ ಅಂಡಿ," ಎಂದರು. ಜಯರಾಮನೂ ಎಲ್ಲರ ಜೊತೆ ನಕ್ಕ. ಆ ನಗು ಮುಖದ ಮೇಲೆ ಎಷ್ಟು ಹೊತ್ತು ಉಳಿಯಿತೆಂದು ಅವನಿಗೆ ತಿಳಿಯಲಿಲ್ಲ. ಮದುವೆಯಾದಾಗಿನಿಂದ ಗಂಡನ ಬಿ ಶಿಫ್ಟು ಎಂದರೆ ಎರಡರಿಂದ ಹತ್ತು ಎಂದು ಗೊತ್ತಿರುವ ಹೆಂಗಸು ಪೆನ್ನು ತೆಗೆದು ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡಳು. ಹಿಂದೆ ತಿರುಗಿ ನೋಡಲಿಲ್ಲ.

ಅವಳಿಗೆ ತಿಳಿಯಿತೇ? ಆ ಸಂಜೆ ಕೃಷ್ಣಾ ಬ್ಯಾರೇಜಿನ ಮೇಲೆ ನಡೆಯುವಾಗ ಅವಳು ನೀರು ನೋಡುತ್ತಿದ್ದಳು. ಸೂರ್ಯಕಾಂತಮ್ಮ ಕುಂಕುಮವಿಟ್ಟು ಕೊಟ್ಟ ರವಿಕೆ ಕಣವನ್ನು ಸೀರೆಯ ಮೇಲೆಯೇ ಮಡಿಸಿ ಇಟ್ಟಳು. ಲಾಡ್ಜಿನಲ್ಲಿ ಮಲಗುವಾಗ, ಬೆಳಿಗ್ಗೆ ರತ್ನಾಚಲ್ ರೈಲು ಎಷ್ಟಕ್ಕೆ ಎಂದಷ್ಟೇ ಕೇಳಿದಳು. ಸೋಮವಾರ ಬೆಳಿಗ್ಗೆ ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಏಲೂರು ದಾಟಿದರೂ ಕಣ್ಣು ಮುಚ್ಚಿಯೇ ಇದ್ದಳು. ಜಯರಾಮ ಮನಸ್ಸಿನಲ್ಲೇ ಲೆಕ್ಕಾಚಾರ ಹಾಕಿದ: ಕಾರ್ಖಾನೆಯಲ್ಲಿ ಸಾವಿರಾರು ಜನ, ಕನ್ನಡದವರೇ ಹತ್ತಾರು ಮನೆ, ಸುಮಿತ್ರಾ ಅವರಲ್ಲಿ ಯಾರ ಹೆಂಡತಿಯೂ ಆಗಿರಬಹುದು. ಇಲ್ಲವಾದರೆ ನೆಟ್‌ವರ್ಕಿನದೇ ತಪ್ಪು. ಸುಮಿತ್ರಾಳಿಂದಲೇ ಒಂದು ಪತ್ರ ಬರೆಸಿದರೆ? ನನ್ನ ಅಣ್ಣ ನಿಮ್ಮ ಕಾರ್ಖಾನೆಯಾಗೇ ಇದ್ದಾನ್ರಿ, ಅವನ ಕಡಿಂದ ಬರಸ್ತೀನಿ. ಸಾಲು ಎಷ್ಟು ಸರಾಗವಾಗಿ ಬಂತೆಂದರೆ ಅವನಿಗೇ ಹೇಸಿಗೆಯಾಯಿತು. ಗೋದಾವರಿ ಸೇತುವೆಯ ಮೇಲೆ ರೈಲು ಗುಡುಗಿದಾಗ ಪ್ರಫುಲ್ಲಾ ಕಣ್ಣು ತೆರೆದು, ಎಲ್ಲರ ಹಾಗೆ ಒಂದು ನಾಣ್ಯವನ್ನು ನೀರಿಗೆ ಎಸೆದು ಕೈ ಮುಗಿದಳು. ಹಿಂದೊಮ್ಮೆ ಇದೇ ಸೇತುವೆಯ ಮೇಲೆ ಅವಳು, "ಸುಮಿತ್ರಾ ಹೆಸರಲ್ಲೂ ಒಂದು ಹಾಕ್ತೀನಿ," ಎಂದು ಎರಡನೆಯ ನಾಣ್ಯ ಕೇಳಿದ್ದಳು. ಅವನು ಜೇಬಿನಲ್ಲಿ ನಾಣ್ಯ ಹಿಡಿದು ಕಾದ. ಅವಳು ಕೇಳಲಿಲ್ಲ. ಸೇತುವೆ ಮುಗಿಯಿತು.

ದುವ್ವಾಡದಲ್ಲಿ ಇಳಿದು, ಆಟೋ ಹಿಡಿದು ಮನೆ ಸೇರಿದಾಗ ಹನ್ನೊಂದೂವರೆ. ಅವಳು ಅನ್ನ, ತಿಳಿಸಾರು ಮಾಡಿ ಬಡಿಸಿದಳು. ಉಪ್ಪು ಸರಿಯಾಗಿತ್ತು. ಒಂದೂವರೆಗೆ ಅವನು ಸ್ಕೂಟರು ಹತ್ತಿದಾಗ ಒಳಗೆ ಕಂಪ್ಯೂಟರು ಶುರುವಾಗುವ ಸದ್ದು ಕೇಳಿಸಿತು.

ಕಂಟ್ರೋಲ್ ರೂಮಿನಲ್ಲಿ ಎಲ್ಲ ಎಂದಿನಂತೆಯೇ ಇತ್ತು. ಫರ್ನೇಸು ತಣ್ಣಗೆ, ಅಂದರೆ ಅದರ ಲೆಕ್ಕದಲ್ಲಿ ತಣ್ಣಗೆ, ನಡೆಯುತ್ತಿತ್ತು. ನಂದನ್ ಲಾಗ್ ಪುಸ್ತಕ ತುಂಬುತ್ತಿದ್ದ. ಈ ಮೂರು ವರ್ಷದಲ್ಲಿ ಅವನಿಗೆ ಮದುವೆಯಾಗಿ, ಸ್ವಲ್ಪ ಹೊಟ್ಟೆ ಬಂದಿತ್ತು. ಜಯರಾಮ ಮೂಲೆಯ ಕಂಪ್ಯೂಟರಿನಲ್ಲಿ ಸುಮಿತ್ರಾಳ ಪೆಟ್ಟಿಗೆ ತೆರೆದ. ಹೊಸ ಪತ್ರ ಒಂದು. ಪ್ರಫುಲ್ಲಾ ಎರಡೂ ಐವತ್ತಕ್ಕೆ ಕಳಿಸಿದ್ದು.

"ಪ್ರಿಯ ಸುಮಿತ್ರಾ, ನಿನ್ನೆ ವಿಜಯವಾಡದಲ್ಲಿ ಒಂದು ಹೊಸ ವಿದ್ಯೆ ಕಲಿತೆ. ಧಾರವಾಡದಿಂದ ನನ್ನ ಬ್ಲಾಗಿಗೆ ಯಾರೂ ಬರುವುದಿಲ್ಲವಂತೆ. ನೀವು ಯಾರು ಅಂತ ನಾನು ಕೇಳುವುದಿಲ್ಲ. ಕೇಳುವ ಅಗತ್ಯವೂ ಇಲ್ಲ. ಹಾಲಿನಲ್ಲಿ ಎಲ್ಲರೂ ನಕ್ಕಾಗ ಅವಮಾನವಾಯಿತು. ಆದರೆ ರೈಲಿನಲ್ಲಿ ಕಣ್ಣು ಮುಚ್ಚಿ ಕೂತಾಗ ಅತ್ತದ್ದು ಅದಕ್ಕಲ್ಲ. ಅಮೂಲ್ಯಾ ಇಲ್ಲ ಅನ್ನುವುದಕ್ಕೆ. ಮಾರ್ಚಿಗೆ ಅವಳ ಹತ್ತನೇ ಕ್ಲಾಸು ಪರೀಕ್ಷೆ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೆ. ಒಂದು ಮಗುವನ್ನು ಮುಖ ನೋಡದೆ ಕಳೆದುಕೊಂಡಿದ್ದೆ. ಇದು ಎರಡನೆಯದು. ನಿಮಗೆ ತಂದ ಸೀರೆಯನ್ನು ನಾನು ಉಡುವುದಿಲ್ಲ, ಬೇರೆ ಯಾರಿಗೂ ಕೊಡುವುದಿಲ್ಲ, ಇಟ್ಟುಕೊಳ್ಳುತ್ತೇನೆ. ನೀವು ನನಗೆ ಒಳ್ಳೆಯ ಗೆಳತಿಯಾಗಿದ್ದಿರಿ, ಆ ಮಾತು ಸುಳ್ಳಲ್ಲ. ಒಂದೇ ಒಂದು ಸಲ ಬಿಟ್ಟು. ನಂದನ್ ಹೇಳಲು ಮರೆತಿರಬೇಕು ಅಂತ ನೀವು ಬರೆದಿರಿ. ನಾನು ನಂಬಿದೆ. ಆ ಹುಡುಗನಿಗೆ ಒಂದೂವರೆ ವರ್ಷದಿಂದ ಒಂದು ಲೋಟ ನೀರೂ ಕೊಟ್ಟಿಲ್ಲ. ಅದು ನಿಜವಾಗಿದ್ದರೆ ನಿಮ್ಮ ಹೆಸರಿನಲ್ಲಿ ಯಾಕೆ ಹೇಳಬೇಕಾಗಿತ್ತು ಅಂತ ನನಗೆ ಯೋಚನೆ. ಇದಕ್ಕೆ ಉತ್ತರ ಬರೆಯಬೇಡಿ. ಇನ್ನು ಮುಂದೆ ಯಾವುದಕ್ಕೂ ಬರೆಯಬೇಡಿ. — ಪ್ರಫುಲ್ಲಾ."

ಅವನು ಮೂರು ಸಲ ಓದಿದ. ಉತ್ತರಿಸಿ ಎಂಬ ಗುಂಡಿ ಅಲ್ಲೇ ಇತ್ತು. ಬೆರಳು ಅಭ್ಯಾಸಬಲದಿಂದ ಅದರ ಮೇಲೆ ಹೋಗಿ ನಿಂತಿತು. ಎರಡು ವರ್ಷದ ಆ ಮಧ್ಯಾಹ್ನಗಳು, ಆ ಹತ್ತು ಹತ್ತು ನಿಮಿಷಗಳು, ತಾನು ಅಷ್ಟು ಚೆನ್ನಾಗಿ ಪ್ರೀತಿಸಬಲ್ಲವನಾಗಿದ್ದ ಆ ಹೆಸರು ಎಲ್ಲ ಇನ್ನಿಲ್ಲ ಅನ್ನುವುದು ಅವನಿಗೆ ತಟ್ಟಿತು. ಅವನಿಗೆ ಸುಮಿತ್ರಾ ಸತ್ತಷ್ಟೇ ದುಃಖವಾಯಿತು. ಗಡಿಯಾರ ಮೂರೂ ಹದಿನೈದು ತೋರಿಸುತ್ತಿತ್ತು. ಮೇಜಿನ ಮೇಲಿನ ಫೋನು ಸುಮ್ಮನೆ ಕೂತಿತ್ತು. ಅವನು ಎದ್ದು ಡ್ರಾಯರಿನಿಂದ ಗೇಟ್ ಪಾಸಿನ ಪುಸ್ತಕ ತೆಗೆದ. ಹೆಸರು, ಸಿಬ್ಬಂದಿ ಸಂಖ್ಯೆ, ಹೊರಹೋಗುವ ಸಮಯ. ಕಾರಣ ಎಂಬಲ್ಲಿ ಪೆನ್ನು ನಿಂತಿತು. ಸಾಮಾನ್ಯವಾಗಿ ಎಲ್ಲರೂ ಬ್ಯಾಂಕ್ ಕೆಲಸ ಎನ್ನುತ್ತಾರೆ, ಇಲ್ಲವಾದರೆ ಹಲ್ಲುನೋವು. ಅವನು ಇಂಗ್ಲಿಷಿನಲ್ಲಿ ದಪ್ಪ ಅಕ್ಷರದಲ್ಲಿ, ಹೆಂಡತಿ ಕರೆದಿದ್ದಾಳೆ, ಎಂದು ಬರೆದ.

"ನಂದನ್, ನಾನು ಮನೆಗೆ ಹೋಗಿ ಬರ್ತೀನಿ."

ನಂದನ್ ಚೀಟಿಯನ್ನು ನೋಡಿದ. ಅವನ ಮುಖದಲ್ಲಿ ಏನೋ ಬಂದು ಹೋಯಿತು. "ಹೋಗಿ ಸಾರ್, ನಾನು ನೋಡ್ಕೋತೀನಿ," ಎಂದ. ಅದೇ ಮಾತು, ಅದೇ ದನಿ. ಜಯರಾಮ ಬಾಗಿಲವರೆಗೆ ಹೋದವನು ಹಿಂತಿರುಗಿ, "ನಂದನ್, ನಿನ್ನ ಹೆಸರು ಕೆಡಿಸಿದ್ದೀನಿ ನಾನು. ಸರಿ ಮಾಡಿ ಬರ್ತೀನಿ," ಎಂದ. ನಂದನ್‌ಗೆ ಏನು ಅರ್ಥವಾಯಿತೋ, ತಲೆ ತಗ್ಗಿಸಿ ಲಾಗ್ ಪುಸ್ತಕದಲ್ಲಿ ಗೆರೆ ಎಳೆದ. ಗೇಟಿನ ಕಾವಲಿನವನು ಚೀಟಿ ಓದಿ, "ಏಮೈನಾ ಸೀರಿಯಸ್ಸಾ ಸಾರ್?" ಎಂದ. ಅವುನು, ಎಂದು ಜಯರಾಮ ತಲೆಯಾಡಿಸಿದ.

ಮನೆಯ ಬಾಗಿಲು ತೆರೆದೇ ಇತ್ತು. ಬಿಸಿಲಿನ ಹೊತ್ತಿನಲ್ಲಿ ಅವನ ಸ್ಕೂಟರಿನ ಸದ್ದು ಕೇಳಿ ಜಯಮ್ಮ ಪಕ್ಕದ ವರಾಂಡದಿಂದ ಇಣುಕಿದಳು; ಹದಿನಾಲ್ಕು ವರ್ಷದಲ್ಲಿ ಈ ಮನುಷ್ಯ ನಡುಶಿಫ್ಟಿನಲ್ಲಿ ಮನೆಗೆ ಬಂದದ್ದು ಅವಳು ನೋಡಿರಲಿಲ್ಲ. ಪ್ರಫುಲ್ಲಾ ಅಡುಗೆಮನೆಯಲ್ಲಿದ್ದಳು. ನಡುಮನೆಯ ಕಂಪ್ಯೂಟರಿಗೆ ಹೊದಿಕೆ ಮುಚ್ಚಿತ್ತು. ಅದರ ಪಕ್ಕದಲ್ಲಿ ಸೀರೆ, ಮೇಲೆ ರವಿಕೆ ಕಣ. ಅವಳು ಕೈ ಒರೆಸುತ್ತಾ ಬಂದು ಅವನನ್ನು ನೋಡಿ, ಗೋಡೆಯ ಗಡಿಯಾರವನ್ನು ನೋಡಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಸುಮಿತ್ರಾಳ ಕನ್ನಡದಲ್ಲಿದ್ದವು. ತನ್ನದರಲ್ಲಿ ಒಂದೂ ಇರಲಿಲ್ಲ.

"ಅವತ್ತು ನಂದನ್ ಹೇಳಿದ್ದ," ಎಂದ ಜಯರಾಮ.

"ಎಷ್ಟು ಗಂಟೆಗೆ?"

"ನೀನು ಫೋನ್ ಇಟ್ಟ ತಕ್ಷಣ. ಮೂರೂ ಇಪ್ಪತ್ತಕ್ಕೆ."

"ನೀವೇನಂದಿರಿ?"

"ಶಿಫ್ಟು ಮುಗಿಸಿ ಹೋಗ್ತೀನಿ ಅಂದೆ."

ಹೊರಗೆ ಜಯಮ್ಮ ಯಾರಿಗೋ ತೆಲುಗಿನಲ್ಲಿ ಬಟ್ಟೆ ಒಳಗೆ ತೆಗೆದುಕೊಳ್ಳಲು ಹೇಳುತ್ತಿದ್ದಳು. ಪ್ರಫುಲ್ಲಾ ಅಳುತ್ತಾಳೆ, ಇಲ್ಲ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ ಎಂದು ಅವನು ನಿಂತೇ ಇದ್ದ. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಪ್ರಫುಲ್ಲಾ ಕಂಪ್ಯೂಟರಿನ ಮುಂದಿನ ಕುರ್ಚಿಯನ್ನು ಎಳೆದು, ಅವನ ಕಡೆ ತಿರುಗಿಸಿ, ಕೂತಳು.

"ಹೇಳಿ," ಎಂದಳು. "ಮೊದಲಿನಿಂದ ಹೇಳಿ. ಈ ಸಲ ನೀವೇ ಹೇಳಿ."